ಕಿಸೆಯೊಳಗಿನ ಉಕ್ಕು

ಶಾಲೆಗಳಿಗೆ ರಜೆ ಬಂತೆಂದರೆ ಕೊಚ್ಚಿ, ತಿರುವನಂತಪುರಗಳ ಕನ್ನಡ ಮನೆಗಳಲ್ಲಿ ಶಿಬಿರದ ಮಾತು ಏಳುತ್ತದೆ. ಒಬ್ಬರ ಮಗ ಸ್ಕೌಟ್ ಶಿಬಿರಕ್ಕೆ ಹೊರಟಿರುತ್ತಾನೆ. ಇನ್ನೊಬ್ಬರ ಮಗಳು ಗೆಳತಿಯರೊಡನೆ ಪೊನ್ಮುಡಿಯ ಬೆಟ್ಟಕ್ಕೋ ತಟ್ಟೇಕ್ಕಾಡಿನ ಪಕ್ಷಿಧಾಮಕ್ಕೋ ಹೊರಟಿರುತ್ತಾಳೆ. ತರಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಟಾರ್ಚು, ಹಗ್ಗ, ತಟ್ಟೆ, ಲೋಟಗಳ ನಡುವೆ 'ಮಡಚುವ ಚಿಕ್ಕ ಚಾಕು ಒಂದು' ಎಂದು ಬರೆದಿರುತ್ತದೆ. ಅದನ್ನು ಓದಿದ ಕೂಡಲೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಮಕ್ಕಳ ಕೈಗೆ ಆಯುಧ ಕೊಡುವುದೇ ಎಂದು ಅಜ್ಜಿ ಗದರಿದರೆ, ಈಗಿನ ಕಾಲದಲ್ಲಿ ಎಲ್ಲರೂ ಒಯ್ಯುತ್ತಾರೆ ಎಂದು ಮೊಮ್ಮಗ ವಾದಿಸುತ್ತಾನೆ. ಕೊನೆಗೆ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಚಾಕು ಮನೆಗೆ ಬರುತ್ತದೆ. ಜೂನ್ ತಿಂಗಳ ಮಳೆ ಹಿಡಿದ ಮೇಲೆ ಅದು ಕೀಲಿನಲ್ಲಿ ತುಕ್ಕು ತಿಂದು, ಮೇಜಿನ ಡ್ರಾಯರಿನ ಮೂಲೆಗೆ ಸೇರಿಬಿಡುತ್ತದೆ.

ಅಜ್ಜಿಗೆ ಅದು ಆಯುಧ, ಮೊಮ್ಮಗನಿಗೆ ಪರದೇಶದ ಆಟಿಕೆ. ಇತಿಹಾಸವನ್ನು ನೋಡಿದರೆ ಎರಡೂ ಸರಿಯಲ್ಲ. ನಾವೀಗ ನೆಲೆಸಿರುವ ಈ ಕರಾವಳಿಗೂ, ನಾವು ಬಿಟ್ಟುಬಂದ ಕನ್ನಡ ನಾಡಿಗೂ ಈ ಪುಟ್ಟ ಸಾಧನದೊಡನೆ ಹಳೆಯ ನಂಟುಂಟು. ಆ ನಂಟನ್ನು ತಿಳಿದುಕೊಂಡರೆ ಯಾವ ಚಾಕು ಕೊಳ್ಳಬೇಕು, ಹೇಗೆ ಕಾಪಾಡಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಬರೆಯುವವರ ಕತ್ತಿ

ಇಲ್ಲಿಯ ಮಲಯಾಳಿ ನೆರೆಯವರು ಈ ಚಾಕುವನ್ನು 'ಪೇನಾಕ್ಕತ್ತಿ' ಎನ್ನುತ್ತಾರೆ. ಪೇನಾ ಎಂದರೆ ಲೇಖನಿ. ಇಂಗ್ಲಿಷರ 'ಪೆನ್‌ನೈಫ್' ಎಂಬ ಹೆಸರಿನ ಅರ್ಥವೂ ಅದೇ. ಉಕ್ಕಿನ ನಿಬ್ಬು ಬಳಕೆಗೆ ಬರುವ ಮೊದಲು ಐರೋಪ್ಯರು ಬರೆಯುತ್ತಿದ್ದುದು ಹೆಬ್ಬಾತಿನ ಗರಿಯಿಂದ. ನಾಲ್ಕು ಪುಟ ಬರೆಯುವಷ್ಟರಲ್ಲಿ ಗರಿಯ ತುದಿ ಮೊಂಡಾಗುತ್ತಿತ್ತು. ಅದನ್ನು ಮತ್ತೆ ಹೆರೆದು ಸೀಳಲು ಗುಮಾಸ್ತನ ಬಳಿ ಸದಾ ಚಿಕ್ಕದೊಂದು ಚಾಕು ಇರಬೇಕಾಗಿತ್ತು. ಮಡಚುವ ಚಾಕು ಅದಕ್ಕಿಂತ ಬಹು ಹಿಂದೆಯೇ ಹುಟ್ಟಿತ್ತು ನಿಜ. ರೋಮನ್ನರ ಕಾಲದಲ್ಲೇ ಅದಿತ್ತು. ಚಮಚ, ಮುಳ್ಳುಗಳನ್ನೂ ಸೇರಿಸಿ ಮಾಡಿದ ಕ್ರಿ.ಶ. ಮೂರನೆಯ ಶತಮಾನದ ರೋಮನ್ ಚಾಕುವೊಂದು ಇಂಗ್ಲೆಂಡಿನ ಕೇಂಬ್ರಿಜ್ ನಗರದ ಫಿಟ್ಸ್‌ವಿಲಿಯಮ್ ಸಂಗ್ರಹಾಲಯದಲ್ಲಿದೆ. ಆದರೆ ಪೆನ್‌ನೈಫ್ ಎಂಬ ಹೆಸರನ್ನು ಅದಕ್ಕೆ ಕೊಟ್ಟದ್ದು ಲೇಖನಿಯೇ ಹೊರತು ಯುದ್ಧವಲ್ಲ.

ನಮ್ಮ ಕಡೆಯ ಕತೆಯೂ ಬೇರೆಯಲ್ಲ. ಇಲ್ಲಿ ಕಾಗದದ ಜಾಗದಲ್ಲಿ ತಾಳೆಗರಿ, ಹಕ್ಕಿಯ ಗರಿಯ ಜಾಗದಲ್ಲಿ ಕಬ್ಬಿಣದ ಕಂಟ. ಕಂಟವನ್ನು ಮಲಯಾಳದಲ್ಲಿ ನಾರಾಯಂ ಎನ್ನುತ್ತಾರೆ. ಘಟ್ಟದ ಮೇಲಿನ ನಮ್ಮ ಶಾನುಭೋಗರು ಇದ್ದಿಲು, ಹುಣಿಸೆ ಬೀಜದ ಅಂಟು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದಲೂ ಲೆಕ್ಕ ಬರೆಯುತ್ತಿದ್ದರು. ಮಳೆ ಹೆಚ್ಚಾದ ಕರಾವಳಿಯಲ್ಲಿ ಮಾತ್ರ ತಾಳೆಗರಿಯದೇ ದರ್ಬಾರು. ಎಳೆಯ ಗರಿಯನ್ನು ಸೀಳಿ, ಬೇಯಿಸಿ, ಒಣಗಿಸಿ, ಅಂಚನ್ನು ಸಮವಾಗಿ ಕತ್ತರಿಸಿದ ಮೇಲೆಯೇ ಅದು ಓಲೆ. ಓಲೆಯನ್ನು ಕೊರೆಯಲು ಕಂಟ ಬೇಕು, ಕತ್ತರಿಸಲು ಕತ್ತಿ ಬೇಕು. ಎರಡನ್ನೂ ಬೇರೆಬೇರೆ ಹೊತ್ತು ತಿರುಗುವುದೇಕೆಂದು ಕಮ್ಮಾರರು ಎರಡನ್ನೂ ಒಂದೇ ಹಿಡಿಗೆ ಸೇರಿಸಿದರು. ಇದಕ್ಕೆ ತಮಿಳಿನಲ್ಲಿ 'ಮಡಕ್ಕೆಳುತ್ತಾಣಿ' ಎಂಬ ಹೆಸರೇ ಉಂಟು. ಮಡಚುವ ಕಂಟ ಎಂದು ಅರ್ಥ. ಕಂಟವೂ ಪುಟ್ಟ ಕತ್ತಿಯೂ ಹಿಡಿಯೊಳಗೆ ಮಡಚಿ ಕೂರುವ ಸಾಧನವದು. 1956ರಲ್ಲಿ ಭಾಷಾವಾರು ರಾಜ್ಯಗಳಾಗುವವರೆಗೆ ತಮಿಳು ಮಾತಿನ ತಾಲ್ಲೂಕುಗಳನ್ನೂ ಒಳಗೊಂಡಿದ್ದ ತಿರುವಾಂಕೂರಿಗೆ ಈ ಮಾತು ಹೊರಗಿನದಲ್ಲ. ಪರದೇಶದ ಕ್ಯಾಟಲಾಗುಗಳಲ್ಲಿ ಬಗೆಬಗೆಯ ಸಾಧನಗಳುಳ್ಳ ಚಾಕುವನ್ನು ಕಂಡು ಬೆರಗಾಗುವ ನಮ್ಮ ಹುಡುಗರಿಗೆ ಇದನ್ನು ಹೇಳಬೇಕು. ಒಂದು ಹಿಡಿಯಲ್ಲಿ ಎರಡು ಕೆಲಸ ಎಂಬ ಯುಕ್ತಿ ನಮ್ಮ ಲಿಪಿಕಾರರ ಸೊಂಟದಲ್ಲೇ ಇತ್ತು.

ಆ ಲಿಪಿಕಾರರು ಬಿಟ್ಟುಹೋದ ರಾಶಿಯನ್ನು ನೋಡಬೇಕಾದರೆ ತಿರುವನಂತಪುರದವರು ದೂರ ಹೋಗಬೇಕಿಲ್ಲ. ಶ್ರೀ ಪದ್ಮನಾಭಸ್ವಾಮಿ ದೇವಾಲಯದ 'ಮತಿಲಕಂ' ದಾಖಲೆಗಳು ಓಲೆಯ ಮೇಲೆಯೇ ಇವೆ. ಕಾರ್ಯವಟ್ಟಂನಲ್ಲಿರುವ ಕೇರಳ ವಿಶ್ವವಿದ್ಯಾಲಯದ ಹಸ್ತಪ್ರತಿ ಗ್ರಂಥಾಲಯ ವಿದ್ವಾಂಸರಿಗೆಲ್ಲ ಗೊತ್ತಿರುವ ಭಂಡಾರ. 2022ರ ಡಿಸೆಂಬರಿನಲ್ಲಿ ಕೋಟೆ ಪ್ರದೇಶದ ಸೆಂಟ್ರಲ್ ಆರ್ಕೈವ್ಸ್ ಕಟ್ಟಡದಲ್ಲಿ ತಾಳೆಗರಿಗಳಿಗಾಗಿಯೇ ಒಂದು ಸಂಗ್ರಹಾಲಯವನ್ನು ತೆರೆದರು. ಕೊಚ್ಚಿಯವರಿಗೂ ಹೇಳಿಕೊಳ್ಳಲು ಒಂದು ಹೆಮ್ಮೆಯುಂಟು. ಡಚ್ಚರ ಗವರ್ನರ್ ವಾನ್ ರೀಡ್ ಸಿದ್ಧಪಡಿಸಿದ 'ಹೊರ್ಟುಸ್ ಮಲಬಾರಿಕುಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಈ ಸೀಮೆಯ ಗಿಡಮರಗಳ ಆ ಮಹಾಗ್ರಂಥಕ್ಕೆ ತಿಳಿವು ಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರು. ಇಟ್ಟಿ ಅಚ್ಯುತನ್ 1675ರ ಏಪ್ರಿಲ್ 20ರಂದು ಕೊಚ್ಚಿಕೋಟೆಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಮೊದಲ ಸಂಪುಟದಲ್ಲಿದೆ. ಓಲೆ ಕೊಡುವ ಶ್ರೀತಾಳೆ ಮರವನ್ನು ಮೂರನೆಯ ಸಂಪುಟದಲ್ಲಿ ವರ್ಣಿಸಿದ್ದಾರೆ. ಕೊಚ್ಚಿಯ ವೈದ್ಯಜ್ಞಾನ ಲೋಕಕ್ಕೆ ತಲುಪುವ ಮುನ್ನ ತಲೆಮಾರುಗಳ ಕಾಲ ಅದನ್ನು ಕಾದದ್ದು ಓಲೆ. ಓಲೆಯನ್ನು ಸಿದ್ಧಮಾಡಿದ್ದು ಒಂದು ಸಣ್ಣ ಕತ್ತಿ.

ನಮ್ಮ ಮಾತು, ಅವರ ಚಾಕು

ಹಿಡಿ, ಕೀಲು, ಮಡಿಕೆಗಳ ಕತೆ ಹೀಗಾದರೆ ಅಲಗಿನ ಕತೆ ಇನ್ನೂ ಹತ್ತಿರದ್ದು. ಶಾಲೆಯಲ್ಲಿ ಮಲಯಾಳ ಕಲಿಯುವ ನಮ್ಮ ಮಕ್ಕಳು ಸ್ಟೀಲಿಗೆ 'ಉರುಕ್ಕ್' ಎನ್ನುತ್ತಾರೆ. ಮನೆಯಲ್ಲಿ ನಾವು 'ಉಕ್ಕು' ಎನ್ನುತ್ತೇವೆ. ಅಕ್ಕತಂಗಿಯರಂಥ ಈ ಎರಡು ಮಾತುಗಳಲ್ಲಿ ನಮ್ಮದು ಇಂಗ್ಲಿಷಿನ ನಿಘಂಟನ್ನೇ ಹೊಕ್ಕಿದೆ, ಆದರೆ ಗುರುತು ಸಿಗದ ವೇಷದಲ್ಲಿ. 'ವೂಟ್ಸ್' ಎಂಬ ಇಂಗ್ಲಿಷ್ ಮಾತು ಕನ್ನಡದ 'ಉಕ್ಕು' ಎಂಬುದನ್ನು ತಪ್ಪಾಗಿ ಕೇಳಿ ಅಥವಾ ತಪ್ಪಾಗಿ ಓದಿ ಆದದ್ದೆಂದು ವಿದ್ವಾಂಸರು ಹೇಳುತ್ತಾರೆ.

1794ರಲ್ಲಿ ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿಕೊಟ್ಟ. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಸೊಸೈಟಿಯ ಮುಂದೆ ಪ್ರಬಂಧ ಓದಿದ. ಆ ಉಕ್ಕಿನಿಂದ ಮೊದಲು ಏನು ಮಾಡಿಸಿ ನೋಡಿದರು? ಖಡ್ಗವಲ್ಲ, ಕಠಾರಿಯಲ್ಲ, ಒಂದು ಪೆನ್‌ಚಾಕು! ಅಧ್ಯಕ್ಷರ ಇಚ್ಛೆಯಂತೆ ಅದನ್ನು ಬಡಿದು ಕೊಟ್ಟವನು ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕ. ಕೆಲಸ ಸುಲಭವಾಗಿರಲಿಲ್ಲ. ನಮ್ಮ ಉಕ್ಕಿನಲ್ಲಿ ಇಂಗಾಲ ಹೆಚ್ಚು, ನೂರಕ್ಕೆ ಒಂದೂವರೆಯ ಆಸುಪಾಸು. ಬೆಳ್ಳಗೆ ಕಾಯಿಸಿ ಬಡಿದರೆ ಅದು ಪುಡಿಪುಡಿಯಾಗುತ್ತದೆ. ಸ್ಟೋಡಾರ್ಟ್ ಕತ್ತಲೆಯಲ್ಲಿ ಮಾತ್ರ ಕಾಣುವಷ್ಟು ಮಂದವಾದ ಕೆಂಪಿನಲ್ಲಿ ತಾಳ್ಮೆಯಿಂದ ಬಡಿದ. ಆ ಚಾಕುವಿನ ಬಾಯಿ ಅತ್ಯುತ್ತಮ ಚಾಕುಗಳಿಗೆ ಸಮನಾಗಿ ಕೊಯ್ದಿತೆಂದು ಪಿಯರ್ಸನ್ ದಾಖಲಿಸಿದ್ದಾನೆ. ಮುಂದೆ ಸ್ಟೋಡಾರ್ಟ್ ತನ್ನ ಅಂಗಡಿಯ ಜಾಹೀರಾತು ಚೀಟಿಯಲ್ಲೇ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತಲೂ ತನಗೆ ಹಿಂದೂಸ್ಥಾನದ ಈ ಉಕ್ಕೇ ಮೇಲೆಂದು ಅಚ್ಚುಹಾಕಿಸಿದ. ಕಮ್ಮಾರನ ಮಗನಾದ ಮಹಾವಿಜ್ಞಾನಿ ಮೈಕೆಲ್ ಫ್ಯಾರಡೆ ಇದೇ ಸ್ಟೋಡಾರ್ಟನೊಡನೆ ಸೇರಿ ಈ ಉಕ್ಕಿನ ಗುಟ್ಟನ್ನು ಹುಡುಕುತ್ತ, ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸುವ ಪ್ರಯೋಗಗಳನ್ನು ನಡೆಸಿದ. 1820ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು.

ಆ ಗುಟ್ಟು ಇದ್ದದ್ದು ಎಲ್ಲಿ? 1800-1801ರಲ್ಲಿ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ಮೈಸೂರು ಸೀಮೆಯ ಕುಲುಮೆಗಳಲ್ಲಿ ಉಕ್ಕು ಮಾಡುವ ಬಗೆಯನ್ನು ಅವನು ಕಣ್ಣಾರೆ ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರೊಂದಿಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿ ಮುಚ್ಚಿ ಇದ್ದಿಲ ಬೆಂಕಿಯಲ್ಲಿ ತಿದಿಯೊತ್ತಿ ಕಾಯಿಸಿದರೆ ಸಿಗುವುದು ಉಕ್ಕಿನ ಗಟ್ಟಿ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಅವಶೇಷಗಳು ಸಿಕ್ಕಿವೆ. ಇನ್ನೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮೆಣಸು, ಏಲಕ್ಕಿ, ಅಡಿಕೆಗಳೊಡನೆ ಕಬ್ಬಿಣವನ್ನೂ ಏಡನ್ನಿಗೆ ಕಳಿಸುತ್ತಿದ್ದ. ಅವನ ಪತ್ರಗಳು ಕೈರೋ ನಗರದ ಹಳೆಯ ಸಿನಗಾಗಿನಲ್ಲಿ ಸಿಕ್ಕಿವೆ.

ಇಷ್ಟಾದರೂ ಆ ವಿದ್ಯೆ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಗ್ಗದ ಕಬ್ಬಿಣ, ಉಕ್ಕು ಹಡಗುಗಟ್ಟಲೆ ಬಂದಿಳಿಯಿತು. ಕಾಡುಗಳು ಸರ್ಕಾರದ ಪಾಲಾಗಿ ಇದ್ದಿಲು ದುಬಾರಿಯಾಯಿತು. ಮೂಸೆಯ ಉಕ್ಕಿನ ಕುಲುಮೆಗಳು ಒಂದೊಂದಾಗಿ ಆರಿದವು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಲಸ ಆರಂಭಿಸಿ ಮೈಸೂರು ಸೀಮೆಗೆ ಮತ್ತೆ ಕಬ್ಬಿಣದ ಹೆಸರು ತಂದಿತು. ಆದರೆ ಅಪ್ಪ ಮಗನಿಗೆ ಕುಲುಮೆಯ ಮುಂದೆ ಕೂರಿಸಿ ಕಲಿಸುತ್ತಿದ್ದ ಹದ ಮಾತ್ರ ಹೋದದ್ದು ಹೋಯಿತು. ಯಾರೂ ಅದನ್ನು ಬರೆದಿಡಲಿಲ್ಲ. ಕೈಯಿಂದ ಕೈಗೆ ಬರುವ ವಿದ್ಯೆ ಒಂದು ತಲೆಮಾರು ತಪ್ಪಿದರೆ ಮುಗಿಯಿತು. ಮನೆಮಾತನ್ನು ಪರಊರಿನಲ್ಲಿ ಉಳಿಸಿಕೊಳ್ಳಲು ಹೆಣಗುತ್ತಿರುವ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಸಿಪಾಯಿಯ ಕಿಸೆಗೆ, ಶಿಬಿರದ ಚೀಲಕ್ಕೆ

ಬರಹದ ಚಾಕು ಶಿಬಿರದ ಚಾಕುವಾದದ್ದು ಯುರೋಪಿನಲ್ಲಿ. 1890ರಲ್ಲಿ ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯ ಜೋಸೆಫ್ ಒಪಿನೆಲ್ ರೈತರಿಗಾಗಿ ಮರದ ಹಿಡಿಯ ಸರಳವಾದ ಮಡಚುವ ಚಾಕು ಮಾಡಿದ. 1955ರಲ್ಲಿ ಅದಕ್ಕೆ ತಿರುಗಿಸುವ ಬಳೆಯೊಂದನ್ನು ಸೇರಿಸಿದರು. ಬಳೆ ತಿರುಗಿಸಿದರೆ ಅಲಗು ಬೆರಳಿನ ಮೇಲೆ ಮಡಚಿ ಬೀಳುವುದಿಲ್ಲ. ಸ್ವಿಟ್ಸರ್‌ಲೆಂಡಿನ ಇಬಾಖ್ ಊರಿನ ಕಾರ್ಲ್ ಎಲ್ಸನರ್ 1891ರಲ್ಲಿ ತನ್ನ ದೇಶದ ಸೈನ್ಯಕ್ಕೆ ಚಾಕು ಒದಗಿಸತೊಡಗಿದ. 1897ರಲ್ಲಿ ಬಿರಡೆ ತೆಗೆಯುವ ಸುರುಳಿಯನ್ನೂ ಸೇರಿಸಿದ ಹಗುರವಾದ ಅಧಿಕಾರಿಗಳ ಚಾಕು ಬಂತು. ತಾಯಿ ವಿಕ್ಟೋರಿಯಾ ತೀರಿಕೊಂಡ ಮೇಲೆ 1909ರಲ್ಲಿ ಅವಳ ಹೆಸರನ್ನೇ ತನ್ನ ಸರಕಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ಫ್ರೆಂಚ್ ಹೆಸರಾದ 'ಇನಾಕ್ಸ್' ಅದರೊಂದಿಗೆ ಕೂಡಿ ವಿಕ್ಟೋರಿನಾಕ್ಸ್ ಆಯಿತು. ಆ ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿ ಎರಕ ಹೊಯ್ದಿದ್ದ. ಉಕ್ಕಿಗೆ ಬೇರೆ ಲೋಹ ಬೆರೆಸಿದರೇನಾಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಉಕ್ಕಿನ ನೆಪದಲ್ಲಿ ಫ್ಯಾರಡೆ ಕೇಳಿ ಆಗಲೇ ಸುಮಾರು ನೂರು ವರ್ಷವಾಗಿತ್ತು.

ಆಯುಧವೋ, ಸಾಧನವೋ?

ಅಜ್ಜಿಯ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. ನಮ್ಮ ಪಕ್ಕದ ಮಲಬಾರಿನಲ್ಲೇ 1854ರಲ್ಲಿ ಬ್ರಿಟಿಷ್ ಸರ್ಕಾರ ಯುದ್ಧಗತ್ತಿಗಳನ್ನು ಇಟ್ಟುಕೊಳ್ಳುವುದು ಅಪರಾಧವೆಂದು ಕಾಯಿದೆ ಮಾಡಿತು. ಕಲೆಕ್ಟರ್ ಕೊನೊಲಿ ಊರೂರು ತಿರುಗಿ 7,000ಕ್ಕೂ ಹೆಚ್ಚು ಕತ್ತಿಗಳನ್ನು ಕೂಡಿಹಾಕಿದ; ಮರುವರ್ಷ ತಾನೇ ಕತ್ತಿಗೆ ಬಲಿಯಾದ. ಕತ್ತಿಯನ್ನು ಕಿತ್ತುಕೊಂಡ ಮಾತ್ರಕ್ಕೆ ಕತ್ತಿಯ ಹಿಂದಿನ ಸಿಟ್ಟು ಹೋಗುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯ ನಿಯಮಗಳು ವಿವೇಕದ ಗೆರೆಯೊಂದನ್ನು ಎಳೆದಿವೆ. ಅಲಗು ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಿದ್ದು, ಮನೆಗೆಲಸಕ್ಕಾಗಲಿ ಬೇಸಾಯಕ್ಕಾಗಲಿ ಅಲ್ಲದಿದ್ದರೆ ಅದು ಆಯುಧಗಳ ಪಟ್ಟಿಗೆ ಸೇರುತ್ತದೆ. ನಮ್ಮ ಶಿಬಿರದ ಚಾಕು ಈ ಅಳತೆಯ ಮೂರನೆಯ ಒಂದು ಪಾಲು ಮಾತ್ರ. ಆದರೂ ಗುಂಡಿ ಒತ್ತಿದರೆ ಅಲಗು ಚಿಮ್ಮುವ ಬಗೆಯದನ್ನು ಕೊಳ್ಳಲೇಬಾರದು. ಅದು ಕೆಲಸಕ್ಕಲ್ಲ, ಹೆದರಿಸುವುದಕ್ಕೆ ಮಾಡಿದ್ದು. ಊರಿಗೆ ವಿಮಾನದಲ್ಲಿ ಹೋಗುವವರು ಚಾಕುವನ್ನು ಕೈಚೀಲದಲ್ಲಿಡದೆ, ವಿಮಾನದವರಿಗೆ ಒಪ್ಪಿಸುವ ಪೆಟ್ಟಿಗೆಯಲ್ಲಿಡಬೇಕು. ಕಾಡಿಗೆ ಹೋಗುವವರು ಅಲ್ಲಿಯ ಕಾವಲುಗಾರರನ್ನು ಕೇಳಿಯೇ ಒಯ್ಯಬೇಕು.

ಕೊಳ್ಳುವಾಗ, ಕಾಯುವಾಗ

ಅಲಗು ಎರಡೂವರೆಯಿಂದ ಮೂರು ಅಂಗುಲವಿದ್ದರೆ ಸಾಕು. ಹಣ್ಣು ಕೊಯ್ಯಲು, ಹಗ್ಗ ತುಂಡರಿಸಲು, ಕಡ್ಡಿ ಹೆರೆಯಲು ಅದಕ್ಕಿಂತ ದೊಡ್ಡದು ಬೇಡ. ಹತ್ತು ಸಾಧನಗಳ ಚಾಕುವಿಗಿಂತ ಒಂದೆರಡು ಅಲಗಿನದು ಗಟ್ಟಿ. ಅಂಗಡಿಯಲ್ಲಿ ಹೊಳಪನ್ನು ನೋಡಬೇಡಿ, ಕೀಲನ್ನು ನೋಡಿ. ಅಲಗನ್ನು ಬಿಚ್ಚಿ ಎರಡು ಬೆರಳಿನಲ್ಲಿ ಹಿಡಿದು ಅತ್ತಿತ್ತ ಅಲುಗಿಸಿದರೆ ಅದು ಲಟಲಟ ಎನ್ನಬಾರದು. ಮಡಚಿದಾಗ ಬಾಯಿ ಪೂರ್ತಿ ಹಿಡಿಯೊಳಗೆ ಅಡಗಬೇಕು. ಹೊಸದಾಗಿ ಕಲಿಯುವ ಮಕ್ಕಳಿಗೆ ಬಳೆಯಂಥ ಬೀಗವಿರುವುದು ಕ್ಷೇಮ. ಕೊಚ್ಚಿಯ ಉಪ್ಪುಗಾಳಿ, ಜಡಿಮಳೆಗಳಲ್ಲಿ ತುಕ್ಕು ಹಿಡಿಯದ ಉಕ್ಕೇ ವಾಸಿ. ಬರಿಯ ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ದಿನವೂ ನಿಗಾ ಬೇಡುತ್ತದೆ. ತುಕ್ಕು ಹಿಡಿಯದ್ದೆಂಬ ಹೆಸರನ್ನೂ ಪೂರ್ತಿ ನಂಬಬೇಡಿ. ಹುಣಿಸೆ, ಮಾವಿನಕಾಯಿ, ಸಮುದ್ರದ ನೀರು ತಾಗಿ ಹಾಗೇ ಬಿಟ್ಟರೆ ಅದರ ಮೇಲೂ ಚುಕ್ಕೆಗಳು ಏಳುತ್ತವೆ.

ಆರೈಕೆ ಕಷ್ಟದ್ದಲ್ಲ. ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಅಲಗನ್ನು ಬಿಚ್ಚಿಯೇ ಒಣಗಿಸಿ, ಹಿಡಿಯೊಳಗಿನ ಹಣ್ಣಿನ ತುಣುಕು, ಮರಳುಗಳನ್ನು ಕಡ್ಡಿಯಿಂದ ತೆಗೆಯಬೇಕು. ಒದ್ದೆಯಲ್ಲಿ ಮಡಚಿಟ್ಟ ಚಾಕು ಒಳಗಿನಿಂದಲೇ ಸಾಯುತ್ತದೆ. ಕೀಲಿಗೆ ತಿಂಗಳಿಗೊಂದು ಹನಿ ಎಣ್ಣೆ ಸಾಕು. ಈ ನಾಡಿನಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಆದರೆ ಅದು ದಿನ ಕಳೆದಂತೆ ಅಂಟಾಗಿ ಕೀಲನ್ನು ಹಿಡಿದುಬಿಡುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಒಳ್ಳೆಯದು, ಹಣ್ಣು ಕೊಯ್ಯುವ ಅಲಗಿಗೂ ಬಾಧಕವಿಲ್ಲ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ. ಚರ್ಮ ನೀರು ಹೀರಿಕೊಂಡು ಅಲಗಿಗೆ ತಾಗಿಸುತ್ತದೆ. ಎಣ್ಣೆ ಸವರಿ, ಒಣಬಟ್ಟೆಯಲ್ಲಿ ಸುತ್ತಿಡಿ.

ಹರಿತ ಕಡಿಮೆಯಾದರೆ ಎರಡು ಮುಖದ ಸಾಣೆಕಲ್ಲಿನ ಮೇಲೆ, ಅಲಗಿನ ಬೆನ್ನನ್ನು ತುಸು ಎತ್ತಿ, ಸುಮಾರು ಇಪ್ಪತ್ತು ಡಿಗ್ರಿ ಓರೆಯಲ್ಲಿ ಎರಡು ಕಡೆಯೂ ಸಮನಾಗಿ ಉಜ್ಜಬೇಕು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ನಾಲ್ಕು ಸಲ ಎಳೆದರಾಯಿತು. ಮೊಂಡಾದ ಚಾಕುವೇ ಕೈ ಕೊಯ್ಯುವುದು ಹೆಚ್ಚು, ಏಕೆಂದರೆ ಅದನ್ನು ಒತ್ತಿ ಬಳಸಬೇಕಾಗುತ್ತದೆ. ಡಬ್ಬಿಯ ಮುಚ್ಚಳ ಮೀಟಲು ಅಲಗನ್ನು ಬಳಸಬಾರದು, ಬೆಂಕಿಯಲ್ಲಿ ಕಾಯಿಸಲೂ ಬಾರದು. ಕಮ್ಮಾರರು ಅಲಗನ್ನು ಕೆಂಪಗೆ ಕಾಯಿಸಿ ಅದ್ದಿ ಗಟ್ಟಿಮಾಡಿದ ಮೇಲೆ, ಸುಮಾರು 230 ಡಿಗ್ರಿ ಸೆಂಟಿಗ್ರೇಡಿನ ಮಂದ ಶಾಖದಲ್ಲಿ ಹದಕ್ಕೆ ತರುತ್ತಾರೆ. ಶಿಬಿರದ ಒಲೆಯ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ಒಮ್ಮೆ ಕಾಯಿಸಿದರೆ ಕಮ್ಮಾರನ ಹದವೆಲ್ಲ ಹೋಗಿ ತಗಡು ಉಳಿಯುತ್ತದೆ. ಲಂಡನ್ನಿನಲ್ಲಿ ಸ್ಟೋಡಾರ್ಟ್ ಮಂದ ಕೆಂಪಿನಲ್ಲೇ ಬಡಿದದ್ದು ಉಕ್ಕು ಪುಡಿಯಾಗದಿರಲೆಂದು.

ಮಕ್ಕಳಿಗೆ ಕಲಿಸಬೇಕಾದ ಕೊನೆಯ ಪಾಠ ನಮ್ಮ ಹಿರಿಯರದ್ದೇ: ಕತ್ತಿಯನ್ನು ಕೈಯಿಂದ ಕೈಗೆ ಕೊಡಬೇಡ, ಕೆಳಗಿಡು, ಅವರು ಎತ್ತಿಕೊಳ್ಳಲಿ. ಮೂಢನಂಬಿಕೆಯೆಂದು ತಳ್ಳಿಹಾಕುವ ಮೊದಲು ಯೋಚಿಸಿ. ಬೆರಳು ಉಳಿಸಲು ಇದಕ್ಕಿಂತ ಸುಲಭದ ನಿಯಮ ಯಾವ ಶಿಬಿರದಲ್ಲೂ ಇಲ್ಲ.

ನವರಾತ್ರಿಯಲ್ಲಿ ಕೇರಳದ ಮನೆಗಳಲ್ಲಿ 'ಪೂಜವೆಯ್ಪ್' ನಡೆಯುತ್ತದೆ. ಅಷ್ಟಮಿಯ ಸಂಜೆ ಪುಸ್ತಕಗಳನ್ನೂ ಕಸುಬಿನ ಸಾಧನಗಳನ್ನೂ ಸರಸ್ವತಿಯ ಮುಂದಿಟ್ಟು, ವಿಜಯದಶಮಿಯ ಬೆಳಗ್ಗೆ ಎತ್ತಿಕೊಂಡು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತಾರೆ. ತಿರುವನಂತಪುರದ ನವರಾತ್ರಿಗೆ ಪದ್ಮನಾಭಪುರದಿಂದ ಸರಸ್ವತಿಯ ಮೂರ್ತಿ ಮೆರವಣಿಗೆಯಲ್ಲಿ ಬರುವಾಗ ಅರಮನೆಯ ರಾಜಖಡ್ಗವೂ ಜೊತೆಗೆ ಬರುತ್ತದೆ. ನಾವು ನಮ್ಮ ಮನೆಗಳಲ್ಲಿ ಮಹಾನವಮಿಯ ದಿನ ಆಯುಧಪೂಜೆ ಮಾಡುತ್ತೇವೆ. ಸ್ಕೂಟರಿಗೆ, ಕಾರಿಗೆ, ಮಿಕ್ಸಿಗೆ ಕುಂಕುಮ ಹಚ್ಚುವಾಗ ಈ ವರ್ಷ ಮಕ್ಕಳ ಕೈಯಿಂದಲೇ ಡ್ರಾಯರಿನ ಮೂಲೆಯ ಚಾಕುವನ್ನು ತೆಗೆಸೋಣ. ತುಕ್ಕು ಉಜ್ಜಿಸಿ, ಕೀಲಿಗೆ ಎಣ್ಣೆ ಬಿಡಿಸಿ, ಅವರ ಲೇಖನಿಯ ಪಕ್ಕದಲ್ಲೇ ಇಡಿಸೋಣ. ಇಡುವಾಗ 'ಉಕ್ಕು' ಎಂಬ ಮಾತನ್ನೂ ಒಂದು ಸಲ ಬಾಯಿ ತುಂಬ ಹೇಳಿಸೋಣ.